ಸ್ವರಜ್ಞಾನ

ನಾದವನ್ನು ಕೇಳಿದೊಡನೆ ಸ್ವರವನ್ನು ಗುರುತಿಸುವ ಶಕ್ತಿಯನ್ನು ಸ್ವರಜ್ಞಾನ ಎನ್ನುತ್ತೇವೆ. ಆಧಾರಶ್ರುತಿಯಿಲ್ಲದೆ ಸ್ವರವನ್ನು ಹೇಳಬಲ್ಲವರು ವಿರಳ. ಷಡ್ಜವನ್ನು ಆಧರಿಸಿ ಉಳಿದ ಸ್ವರಗಳನ್ನು ಅರಿಯುವ ಶಕ್ತಿಯಾದರೋ ಸಾಧನೆಯಿಂದ ಲಭಿಸುವಂಥದು. ನಮ್ಮ ಸಂಗೀತದಲ್ಲಿ ಗಾಯಕರ ಕಂಠಕ್ಕೆ ತಕ್ಕಂತೆ ಷಡ್ಜವನ್ನು ನಿಲ್ಲಿಸುವುದರಿಂದ ಈ ಎರಡನೆಯದೇ ಮುಖ್ಯ.

ಗದುಗಿನ ವೀರೇಶ್ವರ ಪುಣ್ಯಾಶ್ರಮವು ಇದಕ್ಕೆ ಉಜ್ವಲ ನಿದರ್ಶನ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ, ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಬಾಲಕರಿಗೆ ಅನ್ನಾಶ್ರಯಗಳೊಡನೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ಬರೆದುದನ್ನು ಓದಲಾಗದ ಆ ಮಕ್ಕಳಿಗೆ ಕಿವಿಯೇ ಪುಸ್ತಕವಾಯಿತು, ಸ್ವರವೇ ಜೀವನಾಧಾರವಾಯಿತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಹಿಂದುಸ್ತಾನಿ, ಕರ್ನಾಟಕ ಪದ್ಧತಿಗಳೆರಡರಲ್ಲೂ ಪಾರಂಗತರಾಗಿ ಪದ್ಮಭೂಷಣಕ್ಕೆ ಪಾತ್ರರಾದರು.

ಮಕ್ಕಳಿಗೆ ನಿತ್ಯವೂ ತಂಬೂರಿಯ ಷಡ್ಜ, ಪಂಚಮಗಳನ್ನು ಕೇಳಿಸಿ, ಬೇರ್ಪಡಿಸಿ ಗುರುತಿಸಲು ಕಲಿಸಬೇಕೆಂದು ಭಕ್ತರಲ್ಲಿ ನಮ್ಮ ವಿನಂತಿ.