ಮೆಟ್ಟಿಲೇರಿದ ರಾಜ-ರಾಣಿ, ತಟ್ಟೆಯಲ್ಲಿ ಬೆಳೆದ ರಾಗಿ

ಮಾರತ್ತಹಳ್ಳಿ ಸೇತುವೆಯ ಆಸುಪಾಸಿನಲ್ಲಿ ಬಲೂನು, ಬಣ್ಣದ ಕಾಗದ ಮಾರುವ ಯಾವುದಾದರೂ ಅಂಗಡಿಗೆ ಹೋಗಿ ಮಗುವಿನ ಹುಟ್ಟುಹಬ್ಬವಿದೆ ಎಂದು ಹೇಳಿ ನೋಡಿ. ಅಂಗಡಿಯವರ ಮೊದಲ ಪ್ರಶ್ನೆ ಮಗುವಿನ ವಯಸ್ಸಿನದಲ್ಲ, 'ಥೀಮ್ ಯಾವುದು?' ಎನ್ನುವುದು. ಕಾಡು, ಕಡಲು, ಬಾಹ್ಯಾಕಾಶ, ರಾಜಕುಮಾರಿಯ ಅರಮನೆ ಎಲ್ಲವೂ ಕಟ್ಟು ಕಟ್ಟಿ ಸಿದ್ಧವಾಗಿವೆ. ಹುಟ್ಟುಹಬ್ಬವಷ್ಟೇ ಅಲ್ಲ, ಸೀಮಂತ, ನಾಮಕರಣ, ಮದುವೆಯ ಅರಿಶಿನ ಶಾಸ್ತ್ರಗಳಿಗೂ ಈಗ ಒಂದೊಂದು ವಿಷಯ, ಒಂದೊಂದು ಬಣ್ಣ. ಇದನ್ನು ಕಂಡ ಹಿರಿಯರು 'ಇದೆಲ್ಲ ಪರದೇಶದ ಹುಚ್ಚು' ಎಂದು ಗೊಣಗುವುದುಂಟು.

ಆ ಗೊಣಗಾಟ ಅರ್ಧ ಮಾತ್ರ ಸರಿ. ವಯಸ್ಸಿನ ಲೆಕ್ಕಕ್ಕೆ ಮೇಣದ ಬತ್ತಿ ಹಚ್ಚಿ ಕೇಕು ಕೊಯ್ಯುವ ರೂಢಿ ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ ಇದ್ದದ್ದು. ನಮ್ಮಲ್ಲಿಗೆ ಆಂಗ್ಲರ ಮೂಲಕ ಬಂತು. ಆದರೆ ಒಂದು ವಿಷಯವನ್ನು ಆರಿಸಿಕೊಂಡು, ಮನೆಯ ಮೂಲೆಯಲ್ಲಿ ಅದರದೊಂದು ಪುಟ್ಟ ಜಗತ್ತನ್ನು ಕೈಯಾರೆ ಕಟ್ಟಿ, ಸಂಜೆ ನೆರೆಹೊರೆಯ ಮಕ್ಕಳನ್ನು ಕರೆದು ತೋರಿಸಿ, ಅವರ ಕೈಗೆ ತಿಂಡಿ ಹಾಕಿ ಕಳಿಸುವುದು ಹಳೆ ಮೈಸೂರು ಸೀಮೆಗೆ ಹೊಸತೇನಲ್ಲ. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳು ಮಾಡುತ್ತ ಬಂದದ್ದು ಇದನ್ನೇ.

ಮೊದಲ ವಿಷಯ ಯಾವುದೆಂಬುದನ್ನು ಹೆಸರೇ ಹೇಳುತ್ತದೆ. ನಾವು 'ಪಟ್ಟದ ಗೊಂಬೆ' ಎನ್ನುತ್ತೇವೆ. ಪಟ್ಟವೆಂದರೆ ರಾಜ್ಯಾಧಿಕಾರ. ತಮಿಳರ 'ಕೊಲು', ತೆಲುಗರ 'ಬೊಮ್ಮಲ ಕೊಲುವು' ಎಂಬ ಮಾತುಗಳಲ್ಲೂ ಇರುವುದು ರಾಜನ ಓಲಗದ ಅರ್ಥವೇ. ನವರಾತ್ರಿಯಲ್ಲಿ ಅರಸ ಸಿಂಹಾಸನವೇರಿ ದರ್ಬಾರು ನಡೆಸುತ್ತಾನೆ. ಪ್ರಜೆಯ ಮನೆಯಲ್ಲಿ ಗೇಣುದ್ದದ ರಾಜ-ರಾಣಿಯರು ಮೆಟ್ಟಿಲೇರಿ ಕೂಡುತ್ತಾರೆ.

ಇದರ ಹಿಂದಿನ ಅರಸುತನದ ದಸರೆಯ ಕಥೆ ಗೊತ್ತಿರುವುದೇ. ವಿಜಯನಗರದ ಮಹಾನವಮಿಯ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಗೊಂಬೆಯ ಮಾತಿಗೆ ಬಂದರೆ, ಇನ್ನೂ ಹಿಂದಿನ ಒಂದು ಸಾಕ್ಷಿ ಕುತೂಹಲ ಹುಟ್ಟಿಸುತ್ತದೆ. ಹೆರಾತಿನ ಸುಲ್ತಾನ ಶಾರೂಖನ ರಾಯಭಾರಿಯಾಗಿ ಅಬ್ದುಲ್ ರಜಾಕ್ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ. ಮಹಾನವಮಿಯ ಬಯಲಿನಲ್ಲಿ ನಿಲ್ಲಿಸಿದ್ದ ಹಲವು ಅಂತಸ್ತಿನ ಮಂಟಪಗಳನ್ನು ಅವನು ವರ್ಣಿಸುತ್ತಾನೆ. ಅವುಗಳ ಮೇಲೆ ಬುಡದಿಂದ ತುದಿಯವರೆಗೆ ಮನುಷ್ಯರು, ಮೃಗಗಳು, ಹಕ್ಕಿಗಳು, ಕಡೆಗೆ ನೊಣ ಸೊಳ್ಳೆಗಳ ಆಕೃತಿಗಳೂ ಇದ್ದವಂತೆ! ಹಂಪಿಯ ಮಹಾನವಮಿ ದಿಬ್ಬವೂ ಅಂತಸ್ತು ಅಂತಸ್ತಾಗಿ ಏರಿದ ಜಗಲಿ. ಅದರ ಗೋಡೆಗಳ ಮೇಲೆ ಆನೆ, ಕುದುರೆ, ನರ್ತಕಿಯರ ಕೆತ್ತನೆ ಸಾಲು ಸಾಲಾಗಿ ಸಾಗುತ್ತದೆ. ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದವರು ಅದನ್ನು ನೋಡಿದರೆ ತಮ್ಮ ಮನೆಯ ಮೆಟ್ಟಿಲು ನೆನಪಾಗದೆ ಇರದು. ಹಾಗೆಂದು ಗೊಂಬೆ ಹಬ್ಬ ಅಲ್ಲಿಂದಲೇ ಹುಟ್ಟಿತು ಎಂದುಬಿಟ್ಟರೆ ಆತುರವಾದೀತು. ಹಬ್ಬದ ದಿನ ಆಕೃತಿಗಳನ್ನು ಸಾಲಾಗಿ ಜೋಡಿಸಿ ಜನರಿಗೆ ತೋರಿಸುವ ಆಸೆ ಈ ನೆಲದಲ್ಲಿ ಹಳೆಯದು ಎಂದಷ್ಟೇ ಹೇಳಬಹುದು. ಮೈಸೂರು ಅರಮನೆಯಲ್ಲಂತೂ ಗೊಂಬೆ ತೊಟ್ಟಿ ಎಂಬ ಅಂಗಳವೇ ಇದೆ.

ಮನೆಯ ಗೊಂಬೆಗೆ ಬರೋಣ. ತವರಿನವರು ಮಗಳ ಮದುವೆಯಲ್ಲಿ ಕೊಡುವ ಉಡುಗೊರೆಗಳಲ್ಲಿ ಪಟ್ಟದ ಗೊಂಬೆಯ ಜೋಡಿಯೂ ಒಂದು. ಹೆಚ್ಚಾಗಿ ರಕ್ತಚಂದನದ ಮರದ್ದು, ತಿರುಪತಿಯ ಕಡೆಯಿಂದ ಬಂದದ್ದು. ಅಂಗಡಿಯಿಂದ ತಂದಾಗ ಅದು ಕೆಂಚಗಿನ ಮರದ ತುಂಡು ಮಾತ್ರ, ಕಣ್ಣು ಮೂಗು ಗುರುತಿಗಷ್ಟೇ. ಅದನ್ನು ರಾಜ-ರಾಣಿಯನ್ನಾಗಿ ಮಾಡುವುದು ಮನೆಯ ಹೆಂಗಸರ ಕೈ. ಹರಿದ ರೇಷ್ಮೆ ಸೀರೆಯ ಅಂಚಿನಿಂದ ರಾಣಿಗೆ ಸೀರೆ, ದರ್ಜಿಯ ಅಂಗಡಿಯಲ್ಲಿ ಬೇಡಿ ತಂದ ಮಕಮಲ್ಲಿನ ಚೂರಿನಿಂದ ರಾಜನಿಗೆ ಕೋಟು, ಜರಿಯ ಎಳೆ ಸುತ್ತಿದ ಮೈಸೂರು ಪೇಟ, ಮಣಿ ಪೋಣಿಸಿದ ಕಂಠೀಹಾರ. ವರ್ಷಕ್ಕೊಮ್ಮೆ ಹೊಸ ಉಡುಪು. ಅತ್ತೆಯ ಜೋಡಿ, ಸೊಸೆಯ ಜೋಡಿ ಪಕ್ಕಪಕ್ಕದಲ್ಲಿ ಕೂತರೆ ಯಾರ ಕೈ ಚೆನ್ನಾಗಿ ಓಡುತ್ತದೆ ಎಂಬುದು ಬಂದವರಿಗೆಲ್ಲ ತಿಳಿದುಹೋಗುತ್ತಿತ್ತು. ಆ ಬಗ್ಗೆ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಪಟ್ಟದವರ ಕೆಳಗಿನ ಮೆಟ್ಟಿಲುಗಳಲ್ಲಿ ದಶಾವತಾರ, ರಾಮನ ಪಟ್ಟಾಭಿಷೇಕ, ಮದುವೆ ದಿಬ್ಬಣ. ಎಲ್ಲಕ್ಕಿಂತ ಕೆಳಗೆ ಬೊಜ್ಜಿನ ಶೆಟ್ಟರೂ ಶೆಟ್ಟಮ್ಮನೂ ಅಕ್ಕಿ, ಬೇಳೆ, ಬೆಲ್ಲವಿಟ್ಟುಕೊಂಡು ಅಂಗಡಿ ತೆರೆದಿರುತ್ತಾರೆ. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ, ಕೊಪ್ಪಳದ ಹತ್ತಿರದ ಕಿನ್ನಾಳದ ಮರದ ಗೊಂಬೆ, ಆಂಧ್ರದ ಕೊಂಡಪಲ್ಲಿಯ ಹಗುರ ಮರದ ಗೊಂಬೆ ಎಲ್ಲಕ್ಕೂ ಇಲ್ಲಿ ಜಾಗವುಂಟು. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಬೇಕೆಂಬ ವಾಡಿಕೆಯಿಂದ ಕುಶಲಕರ್ಮಿಗಳ ಒಲೆ ಉರಿಯುತ್ತಿತ್ತು.

ಇವೆಲ್ಲ ಕೊಂಡವು. ಮನೆಯವರ ಜಾಣ್ಮೆ ಕಾಣುವುದು ಮೆಟ್ಟಿಲಿನ ಮುಂದೆ ನೆಲದ ಮೇಲೆ ಹರಡುವ 'ಪಾರ್ಕಿ'ನಲ್ಲಿ. ಮೆಟ್ಟಿಲೂ ಹಿಂದೆ ಮನೆಯದೇ: ಟ್ರಂಕು, ಸೀಮೆಎಣ್ಣೆ ಡಬ್ಬ, ಮಣೆಗಳನ್ನು ಒಟ್ಟಿ ಮೇಲೆ ಮಡಿಪಂಚೆ ಹಾಸಿದರೆ ಮುಗಿಯಿತು. ಮುಖ ನೋಡುವ ಕನ್ನಡಿಯನ್ನು ನೆಲಕ್ಕಿಟ್ಟು ಸುತ್ತ ಮರಳು ಸುರಿದರೆ ಕೆರೆ. ಮುದುರಿದ ಕಂದು ಕಾಗದ ಬೆಟ್ಟ. ಅದರ ನೆತ್ತಿಗೆ ಹತ್ತಿ ಅಂಟಿಸಿದರೆ ಕೈಲಾಸ. ಬಣ್ಣ ಕಲಸಿದ ಮರದ ಹೊಟ್ಟು ರಸ್ತೆ. ಹಳೆಯ ಪತ್ರಿಕೆಗಳನ್ನು ನೆನೆಹಾಕಿ, ನೆನೆದ ಮೆಂತ್ಯದೊಡನೆ ರುಬ್ಬಿ, ಆ ಮುದ್ದೆಯನ್ನು ಕವುಚಿದ ಪಾತ್ರೆಯ ಮೇಲೆ ಬಳಿದು ಒಣಗಿಸಿದರೆ ಬುಟ್ಟಿಯಾಗುತ್ತದೆ. ಅದೇ ಮುದ್ದೆಯಿಂದ ಹಣ್ಣು, ಗುಡಿಸಲು, ಗೋಪುರ. ಮೆಂತ್ಯ ಅಂಟೂ ಹೌದು, ಹುಳು ಬಾರದಂತೆ ಕಾವಲೂ ಹೌದು. ಓದುಗರು ಕೈಯಲ್ಲಿ ಹಿಡಿದಿರುವ ಈ ಪುಟಕ್ಕೂ ಆ ಸದ್ಗತಿ ದೊರೆಯಬಹುದು!

ಹಸಿರಿಗೆ ಮಾತ್ರ ರಾಗಿಯೇ ಬೇಕು. ಮಹಾಲಯ ಅಮಾವಾಸ್ಯೆಗೆ ಒಂದು ವಾರ ಮೊದಲು ತಟ್ಟೆಯಲ್ಲಿ ತೆಳುವಾಗಿ ಮಣ್ಣು-ಗೊಬ್ಬರ ಹರಡಿ, ನೆನೆದ ರಾಗಿಯನ್ನು ಒತ್ತಾಗಿ ಚೆಲ್ಲಿ, ದಿನವೂ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಬೆರಳೆತ್ತರದ ಪೈರು ಎದ್ದು ನಿಲ್ಲುತ್ತದೆ. ಹೆಚ್ಚು ನೀರಾದರೆ ಕೊಳೆತು ನಾರುತ್ತದೆ, ಕಡಿಮೆಯಾದರೆ ಬಾಡುತ್ತದೆ. ಇದು ಮಕ್ಕಳ ಪಾಲಿನ ಕೆಲಸ.

ದಂಡಿನ ಕಡೆಯ ಹಬ್ಬ

ಈ ರಾಗಿಯ ಎಳೆ ಹಿಡಿದು ಹೊರಟರೆ ಬೆಂಗಳೂರಿನ ಪೂರ್ವ ಭಾಗದ ಒಂದು ಸೊಗಸು ಕಾಣಿಸುತ್ತದೆ. 1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಬಳಿ ಬೀಡುಬಿಟ್ಟಿತು. ಮದರಾಸು ಪಡೆಯ ಜೊತೆ ತಮಿಳು ಕುಟುಂಬಗಳು ಬಂದವು, ಕ್ರೈಸ್ತರು ಬಂದರು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಸುತ್ತಿನ ಓಣಿಗಳಲ್ಲಿ ಕ್ರಿಸ್‌ಮಸ್‌ಗೆ ಗೋದಲಿ ಕಟ್ಟುತ್ತಾರೆ: ಹುಲ್ಲಿನ ಕೊಟ್ಟಿಗೆ, ಬಾಲಯೇಸು, ಕುರಿ, ಕುರುಬರು, ಮೂವರು ಜ್ಞಾನಿಗಳು. ಇಟಲಿಯ ಗ್ರೆಚ್ಚೊ ಎಂಬಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ಮೊದಲು ಮಾಡಿದನೆನ್ನುವ ಈ ದೃಶ್ಯಕ್ಕೆ ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಹಸಿರು ಹಾಸುವುದು ಯಾವುದರಿಂದ? ತಟ್ಟೆಯಲ್ಲಿ ಮೊಳೆಯಿಸಿದ ರಾಗಿಯಿಂದಲೇ. ದಸರೆಯಲ್ಲಿ ಒಬ್ಬರ ಮನೆಯ ಬೃಂದಾವನಕ್ಕೆ ಹುಲ್ಲಾದದ್ದು ಡಿಸೆಂಬರಿನಲ್ಲಿ ಪಕ್ಕದ ಮನೆಯ ಬೆತ್ಲೆಹೇಮಿಗೂ ಹುಲ್ಲು. ಯಾರು ಯಾರಿಂದ ಕಲಿತರೆಂದು ಕೇಳುವುದು ವ್ಯರ್ಥ. ಇಬ್ಬರ ಅಡುಗೆಮನೆಯಲ್ಲೂ ಸುಲಭವಾಗಿ ಸಿಕ್ಕುತ್ತಿದ್ದ ಕಾಳು ಅದು.

ಇನ್ನೂ ಪೂರ್ವಕ್ಕೆ ಸರಿದರೆ ಮಾರತ್ತಹಳ್ಳಿ. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾಗುವವರೆಗೆ ಈ ಕಡೆ ವರ್ತೂರು, ಬೆಳ್ಳಂದೂರು ಕೆರೆಗಳ ನೆರಳಿನ ಹಳ್ಳಿಗಳೇ. ಇಲ್ಲಿನ ಒಕ್ಕಲು ಮನೆಗಳಲ್ಲಿ ಮೆಟ್ಟಿಲು ಗೊಂಬೆಯ ರೂಢಿ ಹುಡುಕಿದರೆ ನಿರಾಶೆಯಾಗುವುದೇ ಹೆಚ್ಚು. ಅದು ಹೆಚ್ಚಾಗಿ ಪೇಟೆಯ, ಅಗ್ರಹಾರದ, ಅರಮನೆಯ ನೆರಳಿನ ಮನೆಗಳ ಹಬ್ಬ; ಸೀಮೆಗೆಲ್ಲ ಸೇರಿದ್ದೆಂಬಂತೆ ನಾವು ಬರೆಯುವುದು ತಪ್ಪು. ಹಳ್ಳಿಯ ಹೆಂಗಸರ ಕೈಚಳಕ ಕಾಣುತ್ತಿದ್ದುದು ಊರಹಬ್ಬದ ತಂಬಿಟ್ಟಿನ ಆರತಿಯಲ್ಲಿ. ಅಕ್ಕಿಹಿಟ್ಟು, ಬೆಲ್ಲ ಕಲಸಿ ಗೋಪುರದಂತೆ ಎತ್ತಿ, ಹೂವಿನಿಂದ ಮೈ ಮುಚ್ಚಿ, ನೆತ್ತಿಯಲ್ಲಿ ದೀಪ ಹಚ್ಚಿ, ತಲೆಯ ಮೇಲೆ ಹೊತ್ತು ಸಾಲಾಗಿ ಅಮ್ಮನ ಗುಡಿಗೆ ನಡೆಯುತ್ತಾರೆ. ಒಂದೇ ಸಂಜೆಯ ಕಲೆ ಅದು, ಮರುದಿನ ಪ್ರಸಾದ. ಅಟ್ಟದ ಮೇಲೆ ಕಾದಿಡಲು ಏನೂ ಉಳಿಯದ ಕಾರಣದಿಂದಲೋ ಏನೋ, ಗೊಂಬೆಯ ಬಗ್ಗೆ ಬರೆದಷ್ಟು ಇದರ ಬಗ್ಗೆ ಬರೆದವರಿಲ್ಲ.

ಸಂಕ್ರಾಂತಿಯ ಸಕ್ಕರೆ ಅಚ್ಚೂ ಹಾಗೆಯೇ ತಿಂದು ಮುಗಿಸುವ ಗೊಂಬೆ. ಗಿಣಿ, ಆನೆ, ತುಳಸಿಕಟ್ಟೆಯ ಮರದ ಅಚ್ಚುಗಳನ್ನು ಮುಂಚೆಯೇ ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಹದ ನೋಡಿ ಹೊಯ್ಯಬೇಕು. ಹದ ತಪ್ಪಿದರೆ ಗಿಣಿಯ ಕೊಕ್ಕು ಮುರಿಯಿತೆಂದೇ ಲೆಕ್ಕ.

ಕಾರ್ಖಾನೆ ಬೆಳೆದಂತೆ ವಿಮಾನಪುರದ ಸುತ್ತ ನಾನಾ ಭಾಷೆಯವರು ನೆಲೆಸಿದರು. 1990ರ ದಶಕದ ಕೊನೆಯಲ್ಲಿ ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕು ಬಂದ ಮೇಲೆ ಹೊಲಗಳು ಅಪಾರ್ಟ್‌ಮೆಂಟುಗಳಾದವು. 2007ರಲ್ಲಿ ಈ ಪ್ರದೇಶ ಮಹಾನಗರ ಪಾಲಿಕೆಗೆ ಸೇರಿತು. ರಾಗಿಯ ಹೊಲವಿದ್ದ ಕಡೆ ಈಗ ರಾಗಿ ಬೆಳೆಯುವುದು ನವರಾತ್ರಿಯ ತಟ್ಟೆಯಲ್ಲಿ ಮಾತ್ರ ಎಂದರೆ ತೀರ ಉತ್ಪ್ರೇಕ್ಷೆಯಾಗದು.

ಆದರೆ ಅಪಾರ್ಟ್‌ಮೆಂಟಿನಲ್ಲಿ ಗೊಂಬೆ ಸತ್ತಿಲ್ಲ. ಒಂದೇ ಮಹಡಿಯಲ್ಲಿ ಕನ್ನಡದ ಪಟ್ಟದ ಗೊಂಬೆ, ತಮಿಳರ ಒಂಬತ್ತು ಮೆಟ್ಟಿಲ ಕೊಲು, ಎದುರು ಮನೆಯ ಬಂಗಾಳಿಗಳ ದುರ್ಗಾಪೂಜೆಯ ರಂಗೋಲಿ. ತಮಿಳರ ಮನೆಯಲ್ಲಿ ದಿನಕ್ಕೊಂದು ಬಗೆಯ ಕಾಳಿನ ಉಸಲಿ, ನಮ್ಮಲ್ಲಿ ಮಕ್ಕಳಿಗೆ ಗೊಂಬೆ ಬಾಗಿನ; ಮಕ್ಕಳಿಗಂತೂ ಎರಡೂ ಸರಿಯೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಎರಡು ತಿಂಗಳಿಗೆ ಬಂದ ದಸರೆಯಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಪಾರ್ಕಿನಲ್ಲಿ ಚಂದ್ರನೂ ಇದ್ದ. ಮಾರತ್ತಹಳ್ಳಿಯ ಒಂದು ಮನೆಯಲ್ಲಿ ನಾನು ನೋಡಿದ ಲ್ಯಾಂಡರಿನ ಮೈ ಬೆಂಕಿಪೊಟ್ಟಣದ್ದು, ಕಾಲು ಪೊರಕೆ ಕಡ್ಡಿಯದು, ಚಿನ್ನದ ಹೊದಿಕೆ ಚಾಕೊಲೇಟಿನ ಸುತ್ತುಕಾಗದದ್ದು. ಚಂದ್ರನ ನೆಲ ಬೂದಿ ಬೆರೆಸಿದ ರವೆ. ಕಟ್ಟಿದವಳು ಏಳನೆಯ ತರಗತಿಯ ಹುಡುಗಿ. ರವೆಗೆ ಇರುವೆ ಮುತ್ತಿ, ಚಂದ್ರನ ಮೇಲೆ ಜೀವವಿದೆ ಎಂದು ಮನೆಯವರೆಲ್ಲ ನಕ್ಕರು.

ಪಕ್ಕದ ಕೋಣೆಯಲ್ಲಿ ಅದೇ ಹುಡುಗಿಯ ತಮ್ಮನ ಹುಟ್ಟುಹಬ್ಬದ ತೆರೆ ಮಡಿಸಿಟ್ಟಿತ್ತು. ಅದರ ಮೇಲೂ ಬಾಹ್ಯಾಕಾಶವೇ. ಬಾಡಿಗೆಯವರು ಬಂದು ಒಂದು ಗಂಟೆಯಲ್ಲಿ ಕಟ್ಟಿ, ಕೇಕು ಕೊಯ್ದ ಮೇಲೆ ಬಿಚ್ಚಿದ್ದರಂತೆ. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ತೀರ್ಪು ಕೊಡುವುದು ಸುಲಭ. ಆ ಹುಡುಗಿಯ ತಾಯಿ ಬೇರೆ ಮಾತು ಹೇಳಿದರು: 'ಗೊಂಬೆಗೆ ನಮ್ಮತ್ತೆ ಹದಿನೈದು ದಿನ ಕೂತು ಹೊಲಿತಿದ್ರು. ನನಗೆ ಸಿಗೋದು ಎರಡು ಭಾನುವಾರ.' ಕೈಗೆಲಸವನ್ನು ಹೊಗಳುವಾಗ ಆ ಹದಿನೈದು ದಿನ ಯಾರದೆಂದು ನಾವು ಕೇಳುವುದಿಲ್ಲ. ಮಡಿ, ಅಡುಗೆ, ಆರತಿ, ಬಂದವರಿಗೆ ತಾಂಬೂಲ ಎಲ್ಲದರ ನಡುವೆ ಹೊಲಿದವರು ಹೆಂಗಸರೇ. ಗಂಡಸರ ಪಾಲಿಗೆ ಬರುತ್ತಿದ್ದುದು ಟ್ರಂಕು ಇಳಿಸುವುದು, ದೀಪದ ಸರಕ್ಕೆ ತಂತಿ ಎಳೆಯುವುದು.

ಇದು ನಮ್ಮಲ್ಲಿ ಮಾತ್ರ ಇರುವ ಕಥೆಯಲ್ಲ. ಜಪಾನಿನಲ್ಲಿ ಮಾರ್ಚ್ 3ರಂದು ಹಿನಮತ್ಸುರಿ ಎಂಬ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲಿನ ತುದಿಯಲ್ಲಿ ಚಕ್ರವರ್ತಿ-ಚಕ್ರವರ್ತಿನಿ, ಕೆಳಗೆ ಪರಿಚಾರಿಕೆಯರು, ವಾದ್ಯಗಾರರು. ಹೆಣ್ಣುಮಗು ಹುಟ್ಟಿದರೆ ಅಜ್ಜಿ ತಾತಂದಿರು ಗೊಂಬೆ ಕೊಡುತ್ತಾರೆ. ನಮ್ಮ ಪಟ್ಟದ ಗೊಂಬೆಯ ದೂರದ ನೆಂಟರೆಂದೇ ಅನ್ನಿಸುತ್ತದೆ, ಆದರೆ ನೆಂಟಸ್ತಿಕೆಗೆ ದಾಖಲೆ ಏನೂ ಇಲ್ಲ. ಅಲ್ಲೂ ಈಗ ಸಣ್ಣ ಮನೆಗಳಿಗಾಗಿ ಏಳು ಮೆಟ್ಟಿಲನ್ನು ಬಿಟ್ಟು ರಾಜದಂಪತಿಯನ್ನು ಮಾತ್ರ ಇಡುವವರು ಹೆಚ್ಚು. ಹಬ್ಬ ಕಳೆದ ಮೇಲೆ ಗೊಂಬೆಯನ್ನು ಬೇಗ ಎತ್ತಿಡದಿದ್ದರೆ ಮಗಳ ಮದುವೆ ತಡವಾಗುತ್ತದೆ ಎಂಬ ನಂಬಿಕೆ ಅಲ್ಲಿಯದು.

ನಮ್ಮಲ್ಲಿ ವಿಜಯದಶಮಿಯ ರಾತ್ರಿ ಆರತಿ ಎತ್ತಿ ಪಟ್ಟದ ಜೋಡಿಯನ್ನು ಮಲಗಿಸುತ್ತಾರೆ. ಮರುದಿನ ಒಂದೊಂದನ್ನೇ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದು. ಮುರಿದದ್ದನ್ನು ಕಸಕ್ಕೆ ಎಸೆಯುವಂತಿಲ್ಲ, ನೀರಿಗೆ ಬಿಡಬೇಕು. ಬಾವಿ ಇಲ್ಲದ ಊರಿನಲ್ಲಿ ಅದೊಂದು ಪೇಚು. ಮಾರತ್ತಹಳ್ಳಿಯ ಆ ಮನೆಯಲ್ಲಿ ಅಟ್ಟವಿಲ್ಲ. ಪೆಟ್ಟಿಗೆ ದಿವಾನದ ಕೆಳಗೆ ಹೋಯಿತು. ಬೆಂಕಿಪೊಟ್ಟಣದ ಲ್ಯಾಂಡರನ್ನು ಎಸೆಯಬೇಕೆಂದು ಒಬ್ಬರು, ಬೇಡವೆಂದು ಇನ್ನೊಬ್ಬರು ವಾದಿಸಿ, ಕಡೆಗೆ ಅದನ್ನೂ ರಾಣಿಯ ಪಕ್ಕದಲ್ಲೇ ಬಟ್ಟೆ ಸುತ್ತಿ ಇಟ್ಟರು. ಬಾಡಿದ ರಾಗಿಯ ತಟ್ಟೆ ಹಿಡಿದು ಹುಡುಗಿ ಕೆಳಗಿಳಿದಳು, ಬೀದಿಯಲ್ಲಿ ಹಸು ಸಿಕ್ಕೀತೇ ಎಂದು ನೋಡಲು.