ಅಂಚಿನ ಪಟ್ಟಿಗೊಂದು ನಿಯಮ

ಬಾಗಿಲು, ಬೀರು, ಮೇಜುಗಳ ಅಂಚಿಗೆ ಬಡಗಿಯು ಕೂರಿಸುವ ಬೀಡಿಂಗ್ ಪಟ್ಟಿ ಬರಿಯ ಅಲಂಕಾರವೆಂದೇ ನಮ್ಮಲ್ಲಿ ಹಲವರ ಎಣಿಕೆ. ಆದರೆ ಅದಕ್ಕೆ ಬೇರೊಂದು ಕೆಲಸವೂ ಉಂಟು. ಮರವು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದೂ ನಾರಿನ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು. ಆದ್ದರಿಂದ ಅಗಲವಾದ ಹಲಗೆಯನ್ನು ಚೌಕಟ್ಟಿನೊಳಗೆ ಅಂಟು ಹಾಕದೆ, ತುಸು ಸಡಿಲವಾಗಿ ಕೂರಿಸುವುದು ವಾಡಿಕೆ. ಹಾಗೆ ಉಳಿಯುವ ಸಂದನ್ನು ಮರೆಮಾಡಿ, ಚೂಪಾದ ಅಂಚು ಸಿಬಿರೇಳದಂತೆ ಕಾಯುವುದು ಈ ಪಟ್ಟಿಯೇ.

ಅಲಂಕಾರ ಮತ್ತು ಅಗತ್ಯಗಳ ನಡುವಿನ ಗೆರೆಯನ್ನು ನಿಯಮವಾಗಿಯೇ ಬರೆದಿಟ್ಟುಕೊಂಡ ಕ್ರೈಸ್ತ ಸಮುದಾಯವೊಂದು ಅಮೆರಿಕದಲ್ಲಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಆನ್ ಲೀ ಎಂಬ ಮಹಿಳೆ ತನ್ನ ಕೆಲವೇ ಅನುಯಾಯಿಗಳೊಡನೆ 1774ರಲ್ಲಿ ನ್ಯೂಯಾರ್ಕಿಗೆ ಬಂದಿಳಿದಳು. ಆರಾಧನೆಯ ವೇಳೆ ಮೈ ನಡುಗಿಸಿ ಕುಣಿಯುತ್ತಿದ್ದ ಇವರಿಗೆ ಜನರು ಶೇಕರ್ ಎಂದು ಹೆಸರಿಟ್ಟರು. ಬ್ರಹ್ಮಚರ್ಯ, ಸಾಮೂಹಿಕ ಆಸ್ತಿ, ದುಡಿಮೆ ಇವು ಅವರ ಬಾಳಿನ ಆಧಾರಗಳಾದವು. ಅವರ ಬೋಧನೆಯನ್ನು ಉಳಿದ ಸಭೆಗಳು ಒಪ್ಪಲಿಲ್ಲ. ಆದರೆ ಅವರ ಮರಗೆಲಸವನ್ನು ಮೆಚ್ಚದವರು ವಿರಳ.

ಶೇಕರರು 1821ರಲ್ಲಿ ರಚಿಸಿ 1845ರಲ್ಲಿ ವಿಸ್ತರಿಸಿದ ನಿಯಮಾವಳಿಯು ಬಡಗಿಯ ಉಜ್ಜುಗೊರಡಿನವರೆಗೂ ಇಳಿದು ಬಂದಿತು. ಬೀಡಿಂಗ್, ಮೋಲ್ಡಿಂಗ್, ಕಾರ್ನಿಸ್‌ಗಳನ್ನು ಕೇವಲ ಶೋಕಿಗಾಗಿ ಮಾಡಕೂಡದು ಎಂಬುದು 1845ರ ಕಟ್ಟಳೆಯ ತಾತ್ಪರ್ಯ. ಇಲ್ಲಿ 'ಕೇವಲ' ಎಂಬ ಮಾತಿಗೆ ತೂಕವಿದೆ. ಶೇಕರ್ ಬಡಗಿಗಳು ಅಂಚಿನ ಕೆಲಸವನ್ನು ಪೂರ್ತಿ ತ್ಯಜಿಸಲಿಲ್ಲ. ಅವರ ಎಷ್ಟೋ ಬೀರುಗಳಲ್ಲಿ ಸೆಳೆಖಾನೆಯ ಮುಖ್ಯಹಲಗೆಗೆ ದುಂಡನೆಯ ತುಟಿಯೊಂದಿರುತ್ತದೆ. ಖಾನೆಯನ್ನು ಒಳಕ್ಕೆ ತಳ್ಳಿದಾಗ ಆ ತುಟಿಯು ಸುತ್ತಲಿನ ಸಂದನ್ನು ಮುಚ್ಚಿ ಧೂಳನ್ನು ತಡೆಯುತ್ತದೆ. ನೋಡಲು ಅಂದವೂ ಹೌದು. ಆದರೆ ಆ ಅಂದವು ದುಡಿದು ಸಂಪಾದಿಸಿದ್ದು.

ಇಂಥ ನಿಯಮವನ್ನು ಪಾಲಿಸುವುದು ಸುಲಭವಾಗಿರಲಿಲ್ಲ. ಹಿಂದೆ ಒಂದೊಂದು ಬಗೆಯ ಅಂಚಿಗೂ ಒಂದೊಂದು ಉಜ್ಜುಗೊರಡು ಬೇಕಿತ್ತು. ಪಟ್ಟಿಯ ಪ್ರತಿ ಗೇಣಿಗೂ ತೋಳಿನ ಶ್ರಮ ಸಲ್ಲುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದ ಮೇಲೆ ಅಲಂಕಾರ ಅಗ್ಗವಾಯಿತು. ಅಗ್ಗವಾದದ್ದು ಎಲ್ಲೆಡೆ ತುಂಬಿತು. ಕಾಲದ ಈ ಅಭಿರುಚಿ ಶೇಕರರನ್ನೂ ಮುಟ್ಟದೆ ಬಿಡಲಿಲ್ಲ. ಶತಮಾನದ ಕೊನೆಯ ದಶಕಗಳಲ್ಲಿ ಅವರ ಕೆಲವು ನೆಲೆಗಳಿಂದ ಅಲಂಕೃತ ಅಂಚುಗಳುಳ್ಳ ಮೇಜು, ಬೀರುಗಳೂ ಹೊರಬಂದವು.

ಸಮುದಾಯವೂ ಕ್ರಮೇಣ ಕ್ಷೀಣಿಸಿತು. ಮಸಾಚುಸೆಟ್ಸ್‌ನ ಹ್ಯಾನ್‌ಕಾಕ್ ನೆಲೆಯು 1960ರಲ್ಲಿ ಮುಚ್ಚಿ, ಬಳಿಕ ವಸ್ತುಸಂಗ್ರಹಾಲಯವಾಯಿತು. ಮೈನ್ ರಾಜ್ಯದ ಸಬ್ಬತ್‌ಡೇ ಲೇಕ್‌ನಲ್ಲಿ ಬೆರಳೆಣಿಕೆಯ ಸದಸ್ಯರಷ್ಟೇ ಉಳಿದರು. ಕಟ್ಟಳೆ ಬರೆದವರು, ಪಾಲಿಸಿದವರು, ಸಡಿಲಿಸಿದವರು ಎಲ್ಲರೂ ಗತಿಸಿದರು. ಅವರು ಮಾಡಿದ ಖಾನೆಗಳು ಇಂದಿಗೂ ಹದವಾಗಿ ಮುಚ್ಚಿಕೊಳ್ಳುತ್ತವೆ.

ಹೊಸಮನೆಯ ಬಾಗಿಲಿಗೆ, ಮಗಳ ಮದುವೆಯ ಬೀರುವಿಗೆ ಎಷ್ಟು ಪಟ್ಟಿ ಬೇಕೆಂದು ಬಡಗಿಯು ವಿಚಾರಿಸುವಾಗ, 'ಈ ಅಂಚು ಇಲ್ಲಿ ಏನು ಕೆಲಸ ಮಾಡುತ್ತದೆ?' ಎಂದು ನಾವೂ ಒಮ್ಮೆ ಕೇಳಬಹುದು. ಸಾಲ ಮಾಡಿ ಮನೆ ಕಟ್ಟುವ ಕುಟುಂಬಕ್ಕೆ ಆ ಪ್ರಶ್ನೆ ಚಿಕ್ಕದೇನಲ್ಲ.