ಮೌನಮಠದಿಂದ ಮೇಲುಕೋಟೆಯವರೆಗೆ

'ಸುಸ್ಥಿರ ಬದುಕು' ಎಂಬ ಮಾತು ಈಗ ಸಭೆ ಸಮಾರಂಭಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ನಮ್ಮ ಪ್ರಬೋಧನೆಗಳಲ್ಲಿಯೂ ಧಾರಾಳವಾಗಿ ಕೇಳಿಬರುತ್ತದೆ. ಅದನ್ನು ಒಂದು ವಿದ್ಯೆಯಾಗಿ ಕಲಿಯಲು ಸಮುದ್ರ ದಾಟಿ ಹೋದ ವಿದ್ಯಾರ್ಥಿಗಳು ಹಲವರು. ಸ್ಕಾಟ್ಲೆಂಡಿನಲ್ಲಿ 1962ರಲ್ಲಿ ಆರಂಭವಾದ ಫಿಂಡ್‌ಹಾರ್ನ್ ಸಮುದಾಯ, ನೆರೆಯ ತಮಿಳುನಾಡಿನಲ್ಲಿ 1968ರಲ್ಲಿ ಹುಟ್ಟಿದ ಆರೋವಿಲ್, ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಸತೀಶ್ ಕುಮಾರರ ಮುಂದಾಳತ್ವದಲ್ಲಿ 1991ರಲ್ಲಿ ತೆರೆದ ಷೂಮಾಕರ್ ಕಾಲೇಜು ಇಂತಹ ಕಲಿಕೆಗೆ ಹೆಸರಾದವು. ಅಲ್ಲಿ ಪಾಠದ ಕೋಣೆಯಷ್ಟೇ ಅಡುಗೆಮನೆಗೂ ತೋಟಕ್ಕೂ ಬೆಲೆ ಇತ್ತು. ವಿದ್ಯಾರ್ಥಿಯು ಅಲ್ಲಿನವರೊಡನೆ ವಾಸಿಸಿ, ಅಗೆದು, ಬಿತ್ತಿ, ಬೇಯಿಸಿ, ಪಾತ್ರೆ ತೊಳೆದು, ಆ ಬದುಕಿನ ಒಳಗಿನಿಂದಲೇ ಅದನ್ನು ಅರಿಯಬೇಕಿತ್ತು.

ಈ ಬಗೆಯ ವಿದ್ಯಾಭ್ಯಾಸ ತೀರಾ ಹೊಸದೆಂದು ನಾವು ಭಾವಿಸುತ್ತೇವೆ. ಆದರೆ ನೂರಮೂವತ್ತು ವರ್ಷಗಳ ಹಿಂದೆಯೇ ಭಾರತೀಯನೊಬ್ಬ ಪರದೇಶದಲ್ಲಿ ಇಂತಹುದೊಂದು ಸಮುದಾಯವನ್ನು ಕಣ್ಣಾರೆ ಕಂಡು, ಅದರ ಬಗ್ಗೆ ಬರೆದು, ಮುಂದೆ ತಾನೇ ಅಂತಹ ನೆಲೆಗಳನ್ನು ಕಟ್ಟಿದ. ಅವನು ಕಂಡದ್ದು ಒಂದು ಕಥೋಲಿಕ ಸನ್ಯಾಸಿ ಮಠ. ಅವನು ಕಟ್ಟಿದ ಪರಂಪರೆಯ ಒಂದು ಕವಲು ನಮ್ಮ ಮೈಸೂರು ಧರ್ಮಕ್ಷೇತ್ರದ ವ್ಯಾಪ್ತಿಯಲ್ಲೇ, ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಚಿಗುರಿತು. ಈ ಎರಡು ತುದಿಗಳನ್ನು ಕೂಡಿಸುವ ದಾರಿಯನ್ನು ಒಮ್ಮೆ ನಡೆದು ನೋಡೋಣ.

ಪ್ರಾರ್ಥನೆ ಮತ್ತು ದುಡಿಮೆ

ಆರನೆಯ ಶತಮಾನದಲ್ಲಿ ರೋಮ್ ಸಾಮ್ರಾಜ್ಯದ ವೈಭವ ಕುಸಿದುಬಿದ್ದಿದ್ದಾಗ ಸಂತ ಬೆನೆಡಿಕ್ಟರು ಮೊಂತೆ ಕಸ್ಸಿನೊ ಬೆಟ್ಟದ ಮೇಲೆ ಒಂದು ಮಠವನ್ನು ಸ್ಥಾಪಿಸಿ, ತಮ್ಮ ಸಹೋದರರಿಗಾಗಿ ನಿಯಮಾವಳಿಯೊಂದನ್ನು ಬರೆದರು. ದಿನದ ಹೊತ್ತುಗಳನ್ನು ಪ್ರಾರ್ಥನೆ, ಪಠನ ಮತ್ತು ಕೈಕೆಲಸಗಳಿಗೆ ಹಂಚಿದರು. ಗುಲಾಮರ ಪಾಲಿಗೆಂದು ಬಿಟ್ಟಿದ್ದ ದೈಹಿಕ ದುಡಿಮೆಯನ್ನು ದೇವರ ಸೇವೆಯ ಅಂಗವಾಗಿಸಿದ್ದು ಅವರ ದೊಡ್ಡ ಕೊಡುಗೆ. ಮಠದ ಉಗ್ರಾಣವನ್ನು ನೋಡಿಕೊಳ್ಳುವ ಸಹೋದರನು ಗುದ್ದಲಿ, ಪಾತ್ರೆ ಮೊದಲಾದ ಎಲ್ಲ ಸಾಮಗ್ರಿಯನ್ನೂ ಬಲಿಪೀಠದ ಪಾತ್ರೆಗಳಂತೆಯೇ ಕಾಣಬೇಕೆಂದು ಅವರು ವಿಧಿಸಿದರು. ಬಳಸಿ ಬಿಸಾಡುವ ಈ ಕಾಲಕ್ಕೆ ಅದೊಂದೇ ವಿಧಿ ಸಾಕಲ್ಲವೇ?

1098ರಲ್ಲಿ ಫ್ರಾನ್ಸಿನ ಸಿತೋ ಎಂಬಲ್ಲಿ ಈ ನಿಯಮವನ್ನು ಹೆಚ್ಚು ಕಟ್ಟುನಿಟ್ಟಾಗಿ ಪಾಲಿಸಲು ಹೊರಟವರು ಸಿಸ್ಟರ್ಸಿಯನ್ನರು. ಹದಿನೇಳನೆಯ ಶತಮಾನದಲ್ಲಿ ಲಾ ತ್ರಾಪ್ ಮಠದಲ್ಲಿ ಇನ್ನೂ ಕಠಿಣವಾದ ಸುಧಾರಣೆಯನ್ನು ತಂದವರ ಪರಂಪರೆಗೆ ಟ್ರಾಪಿಸ್ಟ್ ಎಂಬ ಹೆಸರು ಬಂತು. ಮೌನ, ಮಾಂಸವಿಲ್ಲದ ಆಹಾರ, ಹೊಲದ ದುಡಿಮೆ ಇವು ಅವರ ಗುರುತುಗಳು. ಆ ಸಭೆಯ ಫ್ರಾನ್ಸ್ ಫ್ಯಾನರ್ ಎಂಬ ಆಸ್ಟ್ರಿಯಾದ ಗುರುಗಳು 1882ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರಕ್ಕೆ ಸಮೀಪದ ಪೈನ್‌ಟೌನ್ ಬಳಿ ಮರಿಯಾನ್‌ಹಿಲ್ ಮಠವನ್ನು ಸ್ಥಾಪಿಸಿದರು. ಕೆಲವೇ ವರ್ಷಗಳಲ್ಲಿ ಅದು ಲೋಕದ ಅತಿ ದೊಡ್ಡ ಮಠಗಳಲ್ಲಿ ಒಂದಾಗಿ ಬೆಳೆಯಿತು.

ಮರಿಯಾನ್‌ಹಿಲ್‌ಗೆ ಬಂದ ಬ್ಯಾರಿಸ್ಟರ್

1895ರಲ್ಲಿ ಆ ಮಠವನ್ನು ನೋಡಲು ಹೋದವರು ಇಪ್ಪತ್ತೈದು ವರ್ಷದ ಮೋಹನದಾಸ ಗಾಂಧಿ. ಆಗಿನ್ನೂ ಅವರು ಸೂಟು ತೊಟ್ಟ ವಕೀಲರು. ಲಂಡನ್ನಿನ 'ದಿ ವೆಜಿಟೇರಿಯನ್' ಪತ್ರಿಕೆಯ 1895ರ ಮೇ 18ರ ಸಂಚಿಕೆಯಲ್ಲಿ ಅವರು ಈ ಭೇಟಿಯ ಬಗ್ಗೆ ಲೇಖನ ಬರೆದರು. ಸಸ್ಯಾಹಾರದ ಮೇಲಿನ ಆಸಕ್ತಿ ಅವರನ್ನು ಅಲ್ಲಿಗೆ ಎಳೆದಿತ್ತು. ಆದರೆ ಅವರ ಕಣ್ಣಿಗೆ ಬಿದ್ದದ್ದು ಊಟದ ಪಂಕ್ತಿಯೊಂದೇ ಅಲ್ಲ. ಕಮ್ಮಾರಸಾಲೆ, ಬಡಗಿಯ ಕೊಟ್ಟಿಗೆ, ಚರ್ಮ ಹದ ಮಾಡುವ ಕೆಲಸ, ಚಪ್ಪಲಿ ಹೊಲಿಯುವ ಕೆಲಸ, ಕಡಲೆಕಾಯಿ ಎಣ್ಣೆ ತೆಗೆಯುವುದು, ಮುದ್ರಣಾಲಯ ಹೀಗೆ ತನಗೆ ಬೇಕಾದುದನ್ನು ತಾನೇ ಮಾಡಿಕೊಳ್ಳುವ, ಎಲ್ಲವೂ ಎಲ್ಲರದೂ ಆದ ಒಂದು ಹಳ್ಳಿಯನ್ನು ಅವರು ಕಂಡರು. ಎಲ್ಲಕ್ಕಿಂತ ಮಿಗಿಲಾಗಿ, ಬಣ್ಣದ ಭೇದವೇ ಆಳುತ್ತಿದ್ದ ಆ ನಾಡಿನಲ್ಲಿ ಆಫ್ರಿಕದ ಮಕ್ಕಳಿಗೂ ಬಿಳಿಯ ಸಹೋದರರಿಗೂ ಒಂದೇ ಊಟ, ಒಂದೇ ಬಗೆಯ ಆದರ ಎಂಬುದು ಅವರ ಮನಸ್ಸನ್ನು ತಟ್ಟಿತು. ಅದಕ್ಕೆ ಎರಡು ವರ್ಷ ಮೊದಲು, 1893ರಲ್ಲಿ, ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರದಬ್ಬಿಸಿಕೊಂಡಿದ್ದವರು ಅವರು ಎಂಬುದನ್ನು ನೆನೆದರೆ ಆ ಮೆಚ್ಚುಗೆಯ ತೂಕ ತಿಳಿಯುತ್ತದೆ.

ಇಲ್ಲಿ ಇತಿಹಾಸಕ್ಕೆ ನ್ಯಾಯ ಸಲ್ಲಬೇಕು. 1904ರಲ್ಲಿ ಫೀನಿಕ್ಸ್ ನೆಲೆಯನ್ನು ಸ್ಥಾಪಿಸಲು ತಮ್ಮನ್ನು ಪ್ರೇರೇಪಿಸಿದ್ದು ಜಾನ್ ರಸ್ಕಿನ್ನರ 'ಅನ್‌ಟು ದಿಸ್ ಲಾಸ್ಟ್' ಎಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಗೆಳೆಯ ಪೋಲಾಕ್ ಕೊಟ್ಟ ಆ ಪುಸ್ತಕವನ್ನು ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿ, ಅದರಂತೆ ಬದುಕಲು ಅವರು ನಿಶ್ಚಯಿಸಿದರು. ಆದರೆ ಓದಿದ್ದನ್ನು ಬದುಕಬಹುದೆಂಬ ಧೈರ್ಯ ಬರಬೇಕಾದರೆ ಹಾಗೆ ಬದುಕಿದವರನ್ನು ಕಂಡಿರಬೇಕು. ಗಾಂಧೀಜಿ ಒಂಬತ್ತು ವರ್ಷ ಮೊದಲೇ ಅಂತಹವರನ್ನು ಕಂಡಿದ್ದರು.

ಈ ಸಂಬಂಧ ಬರಿಯ ಊಹೆಯಲ್ಲ ಎಂಬುದಕ್ಕೆ ಒಂದು ಜೊತೆ ಚಪ್ಪಲಿ ಸಾಕ್ಷಿ. 1910ರಲ್ಲಿ ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಕ್ ಜೊಹಾನ್ಸ್‌ಬರ್ಗ್ ಸಮೀಪದ ತಮ್ಮ 1,100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತರು ಒಂದೇ ಅಡುಗೆಮನೆಯ ಅನ್ನ ಉಂಡರು. ಆಳುಗಳಿಲ್ಲದೆ ಅಡುಗೆಯಿಂದ ಕಕ್ಕಸು ಸ್ವಚ್ಛಗೊಳಿಸುವವರೆಗೆ ಎಲ್ಲವನ್ನೂ ತಾವೇ ಮಾಡಿಕೊಂಡರು. ಆಗ ಕಾಲೆನ್‌ಬಾಕ್ ಮರಿಯಾನ್‌ಹಿಲ್‌ಗೆ ಹೋಗಿ ಅಲ್ಲಿನ ಸನ್ಯಾಸಿಗಳಿಂದ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯಿಂದ ಇತರರು ಕಲಿತರು. ಯಹೂದಿಯೊಬ್ಬ ಕಥೋಲಿಕ ಮಠದಲ್ಲಿ ಕಲಿತು ಹಿಂದೂ ಗೆಳೆಯನಿಗೆ ಕಲಿಸಿದ ಕಸುಬು ಅದು. ನಮ್ಮ ನಾಡಿನ ಜಾತಿವ್ಯವಸ್ಥೆ ತೀರಾ ಕೀಳೆಂದು ದೂರವಿಟ್ಟ ಕಸುಬೂ ಹೌದು. ಮುಂದೆ ಸೆರೆಮನೆಯಲ್ಲಿ ತಾವು ಹೊಲಿದ ಒಂದು ಜೊತೆಯನ್ನು ಗಾಂಧೀಜಿ ತಮ್ಮನ್ನು ಸೆರೆಗೆ ತಳ್ಳಿದ ಜನರಲ್ ಸ್ಮಟ್ಸ್‌ಗೆ ಕಾಣಿಕೆಯಾಗಿ ಕೊಟ್ಟರು. ಎಷ್ಟೋ ಬೇಸಿಗೆಗಳಲ್ಲಿ ಸ್ಮಟ್ಸ್ ಅದನ್ನು ತೊಟ್ಟರು. ಅಂತಹ ಮಹಾತ್ಮನ ಪಾದರಕ್ಷೆಯಲ್ಲಿ ನಿಲ್ಲಲು ತಾನು ಯೋಗ್ಯನಲ್ಲವೆಂದು 1939ರಲ್ಲಿ ಅದೇ ಸ್ಮಟ್ಸ್ ಬರೆದರು.

ನಮ್ಮ ನೆಲದ ಹಳೆಯ ಪಾಠ

ಭೂಮಿಯನ್ನು ನೆಚ್ಚಿ ಸಮುದಾಯ ಕಟ್ಟುವ ಪಾಠ ನಮ್ಮ ಸೀಮೆಗೂ ಹೊಸದಲ್ಲ. ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿಯವರು ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಂದಿನಿಂದ ಕ್ರೈಸ್ತರು ಇಲ್ಲಿನ ಹಳ್ಳಿಗಳಲ್ಲಿ ಬಾಳಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರು ಕೇವಲ ಪ್ರಾರ್ಥನಾಲಯ ಕಟ್ಟಿ ಸುಮ್ಮನಾಗಲಿಲ್ಲ. ಇಂದಿನ ಹಾಸನ ಜಿಲ್ಲೆಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಸ್ಥಾಪಿಸಿದರು. ಸಿಡುಬಿಗೆ ದೇವಿ ಹಾಕಿಸುವ ಹೊಸ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಹರಡಿದರು. ಜನರ ಬಾಯಲ್ಲಿ ಅವರು ದೊಡ್ಡಸ್ವಾಮಿಯವರಾದರು. ಮರಿಯಾನ್‌ಹಿಲ್ ಸನ್ಯಾಸಿಗಳ ಹಳ್ಳಿಯಾಗಿತ್ತು. ಸಾತಳ್ಳಿ ಸಂಸಾರಿಗಳ ಹಳ್ಳಿ. ಆದರೆ ವಿಶ್ವಾಸಕ್ಕೆ ಕಾಲೂರಲು ನೆಲ ಬೇಕೆಂಬ ಅರಿವು ಎರಡರಲ್ಲೂ ಒಂದೇ.

ಮೇಲುಕೋಟೆಯ ಪ್ರಯೋಗ

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಚಹರೆಯೇ ಬದಲಾಯಿತು. 1911ರಲ್ಲಿ ಆರಂಭವಾಗಿ ಎರಡು ದಶಕಗಳ ನಂತರ ಮುಗಿದ ಕೃಷ್ಣರಾಜಸಾಗರ ಅಣೆಕಟ್ಟೆಯು ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲಿಗೆ ಕಾವೇರಿಯನ್ನು ಹರಿಸಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಕಬ್ಬು, ಭತ್ತ ಬೆಳೆದವು; ಹಸಿದಿದ್ದ ಮನೆಗಳಲ್ಲಿ ಅನ್ನ ಬೆಂದಿತು. ಈ ಉಪಕಾರವನ್ನು ಹಗುರವಾಗಿ ಕಾಣುವವನು ಬರಗಾಲದ ಕಥೆ ಕೇಳದವನು. ಆದರೆ ನೀರಿನ ಹಿಂದೆಯೇ ರಸಗೊಬ್ಬರ, ಕೀಟನಾಶಕ, ಸಾಲಗಳೂ ಬಂದವು. ಒಂದೇ ಬೆಳೆಯ ಬೆಲೆಯ ಮೇಲೆ ಇಡೀ ಮನೆಯ ಬದುಕು ತೂಗಾಡುವಂತಾಯಿತು.

ಕಾಲುವೆಯ ಬಯಲಿನಿಂದ ಮೇಲೆದ್ದು ನಿಂತ ಊರು ಮೇಲುಕೋಟೆ. ಶ್ರೀ ರಾಮಾನುಜಾಚಾರ್ಯರ ನೆನಪಿನಿಂದ, ಚೆಲುವನಾರಾಯಣನ ಗುಡಿಯಿಂದ ಪ್ರಸಿದ್ಧವಾದ ಈ ಬೆಟ್ಟದೂರು ಮಳೆಯ ನೀರನ್ನು ಕಲ್ಯಾಣಿ, ಕೊಳಗಳಲ್ಲಿ ಹಿಡಿದಿಟ್ಟು ಶತಮಾನಗಳನ್ನು ಕಳೆದಿದೆ. ಜಯಪ್ರಕಾಶ ನಾರಾಯಣರ ಆಪ್ತ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಇಲ್ಲಿ ಜನಪದ ಸೇವಾ ಟ್ರಸ್ಟ್ ಸ್ಥಾಪಿಸಿದರು. ದೆಹಲಿ, ಪಾಟ್ನಾಗಳ ರಾಜಕೀಯ ವಲಯಕ್ಕೆ ಅಷ್ಟು ಹತ್ತಿರವಿದ್ದವರು ಒಂದು ಬೆಟ್ಟದೂರನ್ನು ಆಯ್ದುಕೊಂಡರು. ನಿರ್ಗತಿಕ ಮಕ್ಕಳಿಗೆ ಆಶ್ರಯ, ಅಂಗವಿಕಲರ ಸೇವೆ, ಖಾದಿ ಮತ್ತು ಕೈಮಗ್ಗದ ನೇಯ್ಗೆ, ನೈಸರ್ಗಿಕ ಬಣ್ಣಗಾರಿಕೆ ಒಂದೊಂದಾಗಿ ಬೆಳೆದವು. ನಂತರ ಟ್ರಸ್ಟಿನ ಅಂಗವಾಗಿ 'ಹೊಸ ಜೀವನ ದಾರಿ' ಎಂಬ ಪ್ರಯೋಗ ಆರಂಭವಾಯಿತು. ಮಣ್ಣಿಗೆ ವಿಷ ಉಣಿಸದೆ ಬೆಳೆಯುವುದು, ಅಗತ್ಯಗಳನ್ನು ಮಿತಗೊಳಿಸುವುದು, ಹಾಗೆ ಬದುಕುತ್ತಲೇ ಇತರರಿಗೂ ಆ ಬದುಕನ್ನು ಕಲಿಸುವುದು ಅದರ ಗುರಿ. ಜಪಾನಿನ ರೈತ ಮಸನೊಬು ಫುಕುವೋಕರ ಕೃತಿ 'ಒಂದು ಹುಲ್ಲಿನ ಕ್ರಾಂತಿ' ಸುರೇಂದ್ರರ ಮಗ ಸಂತೋಷ ಕೌಲಗಿಯವರ ಅನುವಾದದಲ್ಲಿ ಕನ್ನಡಿಗರಿಗೆ ದೊರೆಯಿತು.

ಇಲ್ಲಿ ಇನ್ನೊಂದು ಎಳೆ ಕೂಡಿಕೊಳ್ಳುತ್ತದೆ. 1960ರ ದಶಕದ ಆರಂಭದಲ್ಲಿ ಅದೇ ಜಯಪ್ರಕಾಶರ ಆಹ್ವಾನದ ಮೇಲೆ ಅರ್ಥಶಾಸ್ತ್ರಜ್ಞ ಇ. ಎಫ್. ಷೂಮಾಕರ್ ಭಾರತಕ್ಕೆ ಬಂದರು. ಇಲ್ಲಿನ ಬಡತನವನ್ನು ಕಂಡು, ಗಾಂಧೀಜಿಯ ಆರ್ಥಿಕ ಚಿಂತನೆಯನ್ನು ಗಂಭೀರವಾಗಿ ಪರಿಗಣಿಸಿ, ಜನರ ಕೈಗೆಟಕುವ ತಂತ್ರಜ್ಞಾನದ ವಿಚಾರವನ್ನು ಅವರು ಬೆಳೆಸಿದರು. 1971ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. 1973ರಲ್ಲಿ ಅವರ 'ಸ್ಮಾಲ್ ಈಸ್ ಬ್ಯೂಟಿಫುಲ್' ಪ್ರಕಟವಾಯಿತು. ನಮ್ಮ ಯುವಜನರು ಕಲಿಯಲು ಸಾಗರ ದಾಟಿ ಹೋದ ಕಾಲೇಜು ಅವರ ಹೆಸರಿನದೇ. ಹೀಗೆ ಇಲ್ಲಿಂದ ಹೋದದ್ದೇ ಅಲ್ಲಿ ಪಾಠವಾಗಿ ನಮ್ಮನ್ನು ಕಾದಿತ್ತು.

ಇದೇ ಸೀಮೆಯ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯನ್ನೂ ಮರೆಯುವಂತಿಲ್ಲ. ನಾಥ ಪರಂಪರೆಯ ಆ ಕ್ಷೇತ್ರದ ಬೆಟ್ಟ 1981ರಲ್ಲಿ ನವಿಲುಗಳ ರಕ್ಷಿತ ಧಾಮವಾಯಿತು. 2013ರಲ್ಲಿ ದೈವಾಧೀನರಾದ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರು ಸಸಿ ನೆಡುವುದನ್ನು ಮಠದ ಕಾರ್ಯವನ್ನಾಗಿ ಮಾಡಿಕೊಂಡರು. ಮೊಂತೆ ಕಸ್ಸಿನೊ, ಮೇಲುಕೋಟೆ, ಆದಿಚುಂಚನಗಿರಿ ಮೂರೂ ಬೆಟ್ಟಗಳೇ. ಬೆಟ್ಟ ಹತ್ತಿದವರು ಕೆಳಗಿನ ಬಯಲನ್ನು ಮರೆಯಲಿಲ್ಲ.

ಉಳಿಯುವುದು ಯಾವುದು?

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಇಂತಹ ಸಮುದಾಯಗಳು ಎಷ್ಟು ಕಾಲ ಬಾಳಿದವು? ಟಾಲ್‌ಸ್ಟಾಯ್ ಫಾರ್ಮ್ 1913ರಲ್ಲಿ ಮುಚ್ಚಿತು. ಫೀನಿಕ್ಸ್ 1985ರ ಗಲಭೆಯಲ್ಲಿ ಸುಟ್ಟುಹೋಗಿ, 2000ದಲ್ಲಿ ಸ್ಮಾರಕವಾಗಿ ಮರುಹುಟ್ಟು ಪಡೆಯಿತು. ಫಿಂಡ್‌ಹಾರ್ನ್ ಪ್ರತಿಷ್ಠಾನ 2023ರಲ್ಲಿ ತನ್ನ ಶಿಕ್ಷಣ ಕಾರ್ಯಕ್ರಮಗಳನ್ನು ನಿಲ್ಲಿಸಿತು. ಮರುವರ್ಷ ಡಾರ್ಟಿಂಗ್ಟನ್‌ನಲ್ಲಿ ಷೂಮಾಕರ್ ಕಾಲೇಜಿನ ಬಾಗಿಲೂ ಮುಚ್ಚಿತು. ಸುಸ್ಥಿರತೆಯನ್ನು ಬೋಧಿಸಿದವರೇ ಸುಸ್ಥಿರರಾಗಿ ಉಳಿಯಲಿಲ್ಲವೆಂದು ಯಾರಾದರೂ ನಕ್ಕರೆ ತಪ್ಪೆನ್ನಲಾಗದು.

ಮರಿಯಾನ್‌ಹಿಲ್‌ನ ಕಥೆಯೂ ಸರಳವಲ್ಲ. ಜನರ ನಡುವೆ ಪ್ರೇಷಿತ ಕಾರ್ಯ ಮಾಡಬೇಕಾದವರು ಟ್ರಾಪಿಸ್ಟ್ ಮೌನವನ್ನು ಹೇಗೆ ಪಾಲಿಸಬೇಕು? ನಿಯಮವನ್ನು ಸಡಿಲಿಸಿದರೆಂಬ ಕಾರಣಕ್ಕೆ 1892ರಲ್ಲಿ ಸಂಸ್ಥಾಪಕ ಫ್ಯಾನರರನ್ನೇ ಅಧಿಕಾರದಿಂದ ಅಮಾನತುಗೊಳಿಸಲಾಯಿತು. ಗಾಂಧೀಜಿ ಮೆಚ್ಚಿದ ಆ ಪ್ರಶಾಂತ ಹಳ್ಳಿಯಲ್ಲಿ ಈ ನೋವು ಇನ್ನೂ ಹಸಿಯಾಗಿತ್ತು. 1909ರಲ್ಲಿ ಫ್ಯಾನರರು ಮರಣಹೊಂದಿದರು. ಅದೇ ವರ್ಷ ಮರಿಯಾನ್‌ಹಿಲ್ ಟ್ರಾಪಿಸ್ಟ್ ಸಭೆಯಿಂದ ಬೇರ್ಪಟ್ಟು ಪ್ರತ್ಯೇಕ ಪ್ರೇಷಿತ ಸಭೆಯಾಯಿತು. ರೂಪ ಬದಲಾಯಿತು, ಕೆಲಸ ಮುಂದುವರಿಯಿತು. ಕಾಲೆನ್‌ಬಾಕ್ ಚಪ್ಪಲಿ ಕಲಿಯಲು ಹೋದದ್ದು ಅದರ ನಂತರವೇ.

ಆದ್ದರಿಂದ ಗೋಡೆಗಳ ಆಯುಸ್ಸಿನಿಂದ ಇವನ್ನು ಅಳೆಯುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಗೋದಿಯ ಕಾಳು ಮಣ್ಣಿಗೆ ಬಿದ್ದು ಸಾಯದಿದ್ದರೆ ಒಂಟಿಯಾಗಿಯೇ ಉಳಿಯುತ್ತದೆಂದು ಶುಭಸಂದೇಶ ನಮಗೆ ಕಲಿಸಿದೆ. ಮರಿಯಾನ್‌ಹಿಲ್‌ನ ಕಸುಬು ಟಾಲ್‌ಸ್ಟಾಯ್ ಫಾರ್ಮಿಗೆ, ಅಲ್ಲಿನ ಶಿಸ್ತು ಸಾಬರಮತಿ, ಸೇವಾಗ್ರಾಮಗಳಿಗೆ, ಆ ಸರ್ವೋದಯದ ಬೀಜ ಮೇಲುಕೋಟೆಯ ಮಗ್ಗಕ್ಕೆ ಸಾಗಿತು. ಒಬ್ಬರು ಇನ್ನೊಬ್ಬರ ಕೈಯಿಂದ ಕಲಿತದ್ದು ಮಾತ್ರ ಉಳಿಯಿತು.

ಇದು ನಮಗೂ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಸಂತ ಬೆನೆಡಿಕ್ಟರನ್ನು ನೆನೆದು, ದುಡಿಮೆಗೂ ಸೃಷ್ಟಿಯ ಪಾಲನೆಗೂ ಇರುವ ನಂಟನ್ನು ತೋರಿಸಿದರು. ಆ ಪತ್ರವನ್ನು ನಾವು ಓದಿದ್ದೇವೆ, ವಿಚಾರ ಸಂಕಿರಣಗಳನ್ನು ನಡೆಸಿದ್ದೇವೆ. ಆದರೆ ನಮ್ಮ ಧರ್ಮಕೇಂದ್ರದ ಜಮೀನಿನಲ್ಲಿ ಯಾವ ಗೊಬ್ಬರ ಬೀಳುತ್ತಿದೆ? ದೇವಾಲಯದ ಮಾಳಿಗೆಯ ಮಳೆನೀರು ಎಲ್ಲಿಗೆ ಹೋಗುತ್ತದೆ? ಹಬ್ಬದ ಊಟದ ಎಲೆಗಳು ಬಾಳೆಯವೋ ಪ್ಲಾಸ್ಟಿಕ್ಕಿನವೋ? ನಮ್ಮ ವಿದ್ಯಾರ್ಥಿನಿಲಯದ ಮಗುವಿಗೆ ಒಂದು ಸಸಿ ನೆಟ್ಟು ಮೂರು ವರ್ಷ ಸಾಕುವ ಅವಕಾಶ ಇದೆಯೇ? ಮರಿಯಾನ್‌ಹಿಲ್‌ನ ಸಹೋದರರು ಗಾಂಧೀಜಿಗೆ ಸುಸ್ಥಿರತೆಯ ಉಪನ್ಯಾಸ ಕೊಡಲಿಲ್ಲ. ಅವರಲ್ಲಿ ಹೆಚ್ಚಿನವರು ಮಾತನ್ನೇ ಆಡುತ್ತಿರಲಿಲ್ಲ. ಅವರ ಕೆಲಸವನ್ನು ನೋಡಿ ಅವರು ಕಲಿತರು.

ಪ್ರಿಯ ಓದುಗರೇ, ನಿಮ್ಮ ಮಕ್ಕಳು ಈ ವಿದ್ಯೆಯನ್ನು ಅರಸಿ ದೂರದೇಶಕ್ಕೆ ಹೊರಟರೆ ಸಂತೋಷದಿಂದ ಕಳುಹಿಸಿ. ಆದರೆ ಹೊರಡುವ ಮೊದಲು ಪಾಂಡವಪುರದ ದಾರಿಯಲ್ಲಿ ಮೇಲುಕೋಟೆಯ ಬೆಟ್ಟ ಹತ್ತಿ ಬರಲು ಹೇಳಿ. ಹಿಂದಿರುಗಿ ಬಂದ ಮೇಲೆ ಅವರ ಕೈಗೆ ಒಂದು ಗುದ್ದಲಿಯನ್ನೂ ಅಗೆಯಲು ಒಂದಿಷ್ಟು ನೆಲವನ್ನೂ ಕೊಡಿ.